ಸಂಗೀತ: ಭೋಗದಿಂದ ಉಪಭೋಗಕ್ಕೆ

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣ ವ್ರತವನ್ನು ನಿರೂಪಿಸುವಾಗ ಎರಡು ಪದಗಳ ಭೇದವನ್ನು ಮೊದಲು ತಿಳಿಸುತ್ತಾರೆ. ಒಮ್ಮೆ ಅನುಭವಿಸಿದೊಡನೆ ತೀರಿಹೋಗುವುದು ಭೋಗ. ಅನುಭವಿಸಿದ ಮೇಲೂ ಉಳಿದು ಮತ್ತೆ ಮತ್ತೆ ಒದಗುವುದು ಉಪಭೋಗ. ಊಟವು ಮೊದಲನೆಯದಕ್ಕೆ, ಉಡುಪು ಎರಡನೆಯದಕ್ಕೆ ನಿದರ್ಶನ. ಅನಂತರ ಗೃಹಸ್ಥನು ಕಾಲಮಿತಿಯಿಟ್ಟು ನಿಯಮಿಸಿಕೊಳ್ಳಬೇಕಾದ ವಿಷಯಗಳನ್ನು ಅವರು ಎಣಿಸುತ್ತಾರೆ. ಆಹಾರ, ವಾಹನ, ಶಯನ, ಸ್ನಾನ, ಗಂಧ, ಪುಷ್ಪ, ತಾಂಬೂಲ, ವಸ್ತ್ರ, ಆಭರಣಗಳೆಂದು ಸಾಗುವ ಆ ಪಟ್ಟಿಯ ಕೊನೆಯಲ್ಲಿ ಸಂಗೀತವೂ ಗೀತವೂ ಬರುತ್ತವೆ.

ಸಂಗೀತವು ಈ ಎರಡರಲ್ಲಿ ಯಾವ ವರ್ಗಕ್ಕೆ ಸೇರತಕ್ಕದ್ದು? ಸಮಂತಭದ್ರರ ಕಾಲದಲ್ಲಿ ಈ ಪ್ರಶ್ನೆಗೆ ಎಡೆಯೇ ಇರಲಿಲ್ಲ. ಹಾಡುವವನ ಉಸಿರಿನೊಡನೆ ಹುಟ್ಟಿದ ಹಾಡು ಆ ಉಸಿರಿನೊಡನೆಯೇ ಅಡಗುತ್ತಿತ್ತು. ಮತ್ತೊಮ್ಮೆ ಕೇಳಬೇಕೆಂದವನು ಗಾಯಕನನ್ನು ಮತ್ತೊಮ್ಮೆ ಬರಮಾಡಿಕೊಳ್ಳಬೇಕಾಗಿತ್ತು; ಅವನಿಗೆ ಊಟೋಪಚಾರ, ಸಂಭಾವನೆ ಸಲ್ಲಿಸಬೇಕಾಗಿತ್ತು; ಅವನ ಕಂಠ ಆ ದಿನ ಹೇಗಿರುವುದೋ ಹಾಗೆ ಒಪ್ಪಿಕೊಳ್ಳಬೇಕಾಗಿತ್ತು. ರಾಜನಾದರೂ ಕಳೆದ ತಿಂಗಳ ಹಾಡನ್ನು ಪೆಟ್ಟಿಗೆಯಿಂದ ತೆಗೆದು ಕೇಳುವಂತಿರಲಿಲ್ಲ. 1877ರಲ್ಲಿ ಅಮೆರಿಕದ ಥಾಮಸ್ ಎಡಿಸನ್ ಫೋನೋಗ್ರಾಫನ್ನು ನಿರ್ಮಿಸಿದರು. ಹತ್ತು ವರ್ಷಗಳ ತರುವಾಯ ಎಮಿಲ್ ಬರ್ಲಿನರ್ ಚಪ್ಪಟೆಯಾದ ತಟ್ಟೆಯ ಮೇಲೆ ಧ್ವನಿಯನ್ನು ಕೊರೆಯುವ ಗ್ರಾಮಫೋನನ್ನು ತಂದರು. ಅಂದಿನಿಂದ ಸಂಗೀತವು ಊಟದ ಸಾಲಿನಿಂದೆದ್ದು ಉಡುಪಿನ ಸಾಲಿನಲ್ಲಿ ಕುಳಿತಿದೆ. ಈ ವರ್ಗಾಂತರದಿಂದ ಹಾಡುವವರಿಗೆ, ಕೇಳುವವರ ಮನಸ್ಸಿಗೆ, ವ್ಯಾಪಾರಕ್ಕೆ ಏನೇನಾಯಿತೆಂಬುದರ ಇತಿಹಾಸವು ಶ್ರಾವಕ ಕುಟುಂಬಗಳು ತಿಳಿಯತಕ್ಕುದಾಗಿದೆ.

ಭಾರತದಲ್ಲಿ ಈ ಕಥೆ ಆರಂಭವಾಗುವುದು ಕಲ್ಕತ್ತೆಯಲ್ಲಿ. ಲಂಡನ್ನಿನ ಗ್ರಾಮಫೋನ್ ಕಂಪೆನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಎಂಬ ಅಮೆರಿಕನ್ ತಂತ್ರಜ್ಞರು 1902ರ ಅಕ್ಟೋಬರ್ ಅಂತ್ಯದಲ್ಲಿ ಅಲ್ಲಿಗೆ ಬಂದಿಳಿದರು. ಅವರ ಉದ್ದೇಶ ಭಾರತೀಯ ಸಂಗೀತದ ಉದ್ಧಾರವಾಗಿರಲಿಲ್ಲ. ಯಂತ್ರಗಳನ್ನು ಮಾರಬೇಕಾದರೆ ಅವುಗಳ ಮೇಲೆ ತಿರುಗಿಸಲು ಆಯಾ ದೇಶದ ಜನ ಒಲಿಯುವ ಹಾಡುಗಳು ಬೇಕೆಂಬುದು ಶುದ್ಧ ವ್ಯಾಪಾರೀ ಲೆಕ್ಕಾಚಾರ. ಅದೇ ಪ್ರವಾಸದಲ್ಲಿ ಅವರು ಜಪಾನ್, ಚೀನಾಗಳಿಗೂ ಹೋದರು. ನವೆಂಬರ್ ತಿಂಗಳಲ್ಲಿ ತಾತ್ಕಾಲಿಕವಾಗಿ ಸಜ್ಜುಗೊಳಿಸಿದ ಕೋಣೆಯೊಂದರಲ್ಲಿ, ಗೋಡೆಗೆ ಸೇರಿಸಿದ ದೊಡ್ಡ ಕಹಳೆಯ ಬಾಯಿಗೆ ಮುಖವಿಟ್ಟು, ಅಂದಿನ ಪ್ರಸಿದ್ಧ ಗಾಯಕಿ ಗೌಹರ್ ಜಾನ್ ಹಾಡಿದರು. ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಸಾರಿದರು. ಕೇಳುಗರು ಇದನ್ನು ಕಲಾವಿದೆಯ ಠೀವಿಯೆಂದು ಬಗೆದದ್ದುಂಟು. ವಾಸ್ತವವಾಗಿ ಆ ಮೇಣದ ಮೂಲಪ್ರತಿಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿನ ಕಾರ್ಖಾನೆಯಲ್ಲಿ ತಟ್ಟೆಗಳಾಗಬೇಕಾಗಿತ್ತು. ಭಾಷೆಯರಿಯದ ಅಲ್ಲಿನ ಕೆಲಸಗಾರರು ಯಾವ ತಟ್ಟೆಗೆ ಯಾವ ಹೆಸರಿನ ಚೀಟಿ ಅಂಟಿಸಬೇಕೆಂದು ತಿಳಿಯುವುದಕ್ಕೆ ಈ ಘೋಷಣೆ ನೆರವಾಗುತ್ತಿತ್ತು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಅದು ಸರಕಿನ ಮೇಲಿನ ಗುರುತು. 1908ರಲ್ಲಿ ಕಲ್ಕತ್ತೆಯಲ್ಲಿಯೇ ತಟ್ಟೆಗಳನ್ನು ಅಚ್ಚೊತ್ತುವ ಕಾರ್ಖಾನೆ ಪ್ರಾರಂಭವಾಯಿತು.

ಗೋಷ್ಠಿಗೆ ಬಾರದ ಮಧ್ಯಮ ವರ್ಗದ ಗೃಹಸ್ಥರು, ಆ ಗಾಯಕಿಯರ ಮನೆಯ ಮೆಟ್ಟಿಲು ಹತ್ತಲು ಮರ್ಯಾದೆಗೆ ಅಂಜುತ್ತಿದ್ದವರು, ತಮ್ಮ ಪಡಸಾಲೆಯಲ್ಲಿ ಕುಳಿತು ಅದೇ ಕಂಠವನ್ನು ಕೇಳತೊಡಗಿದರು. ವ್ಯಕ್ತಿಯನ್ನು ದೂರವಿಟ್ಟು ಅವಳ ಸ್ವರವನ್ನು ಮಾತ್ರ ಮನೆಯೊಳಕ್ಕೆ ಕರೆದುಕೊಳ್ಳುವ ಈ ಏರ್ಪಾಟಿನಲ್ಲಿ ಅಂದಿನ ಸಮಾಜಕ್ಕೆ ಯಾವ ಅಸಂಗತವೂ ತೋರಲಿಲ್ಲ.

ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು; ದೊಡ್ಡ ತಟ್ಟೆಯಾದರೆ ನಾಲ್ಕಕ್ಕೆ ಸ್ವಲ್ಪ ಮೇಲೆ. ಗಂಟೆಗಟ್ಟಲೆ ಅರಳಬೇಕಾದ ರಾಗವನ್ನು ಗಾಯಕರು ಅಷ್ಟರೊಳಗೆ ಮಡಿಚಿ ಇಡಬೇಕಾಯಿತು. ನಿಧಾನವಾದ ಆಲಾಪ ಹಿಂದೆ ಸರಿಯಿತು; ಚುರುಕಾದ ತಾನಗಳೂ ಬೇಗ ಮನಸೆಳೆಯುವ ಲಘು ಪ್ರಕಾರಗಳೂ ಮುಂದೆ ಬಂದವು. 1925ರಲ್ಲಿ ವಿದ್ಯುತ್ ಮೈಕ್ರೋಫೋನ್ ಬಳಕೆಗೆ ಬರುವವರೆಗೆ ಕಹಳೆಯೊಳಕ್ಕೆ ಏರಿದ ದನಿಯಲ್ಲಿ ಹಾಡುವವರಿಗೇ ಅನುಕೂಲ. ಇದನ್ನು ಕೇವಲ ನಷ್ಟವೆನ್ನಲಾಗದು. ಮೂರು ನಿಮಿಷದಲ್ಲಿ ರಾಗದ ಮುಖವನ್ನು ತಪ್ಪಿಲ್ಲದೆ ತೋರಿಸುವುದೂ ಒಂದು ಶಿಸ್ತು. ಆ ಶಿಸ್ತಿನಲ್ಲಿ ಗೆದ್ದ ತಟ್ಟೆಗಳು ಇಂದಿಗೂ ಬೆರಗು ಹುಟ್ಟಿಸುತ್ತವೆ. ಆದರೆ ಪೆಟ್ಟಿಗೆಯ ಅಳತೆ ಪದಾರ್ಥದ ಅಳತೆಯನ್ನು ನಿರ್ಧರಿಸಿತೆಂಬುದು ನಿಜ. ಜೈಪುರ ಘರಾಣೆಯ ಅಲ್ಲಾದಿಯಾ ಖಾನರು 1946ರಲ್ಲಿ ನಿಧನರಾದಾಗ ತಮ್ಮ ಕಂಠದ ಒಂದು ತಟ್ಟೆಯನ್ನೂ ಮಾರುಕಟ್ಟೆಗೆ ಬಿಟ್ಟಿರಲಿಲ್ಲ. ಅವರ ವಿದ್ಯೆ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನರ ಮೂಲಕ ಧಾರವಾಡದ ಮಲ್ಲಿಕಾರ್ಜುನ ಮನಸೂರರಿಗೆ ಬಂದು 1992ರವರೆಗೆ ಜೀವಂತ ಕಂಠದಲ್ಲಿ ನಡೆಯಿತು.

ಇನ್ನು ಆ ತಟ್ಟೆ ಯಾವುದರಿಂದಾಗಿತ್ತೆಂಬ ವಿಚಾರ. ಹಾಡು ಕೇಳಿದವರಲ್ಲಿ ಇದನ್ನು ವಿಚಾರಿಸಿದವರು ಕಡಿಮೆ. ಜನರ ಬಾಯಲ್ಲಿ ‘ಪ್ಲೇಟು’ ಎನಿಸಿಕೊಂಡ ಆ ಕಪ್ಪು ತಟ್ಟೆಯಲ್ಲಿ ಹೆಚ್ಚಿನ ಪಾಲು ಕಲ್ಲಿನ ನುಣ್ಣನೆಯ ಪುಡಿ, ಸ್ವಲ್ಪ ಹತ್ತಿಯ ನಾರು, ಬಣ್ಣಕ್ಕೆ ಕಾಡಿಗೆ. ಇವೆಲ್ಲವನ್ನೂ ಬಿಗಿದು ಹಿಡಿಯುವ ಅಂಟು ಅರಗು. ಹಳೆಯ ವರ್ತಕರು ಪಾರ್ಸೆಲ್ಲಿನ ದಾರದ ಗಂಟಿಗೆ ಮೊಹರೊತ್ತುತ್ತಿದ್ದುದೂ ಇದೇ ಅರಗಿನಿಂದಲೇ. ಮುತ್ತುಗ, ಬೋರೆ, ಕುಸುಮ ಮರಗಳ ಎಳೆಯ ಕೊಂಬೆಗಳ ಮೇಲೆ ಲಾಕ್ಷಾಕೀಟಗಳು ರಸ ಹೀರುತ್ತ ತಮ್ಮ ಮೈಸುತ್ತ ಸ್ರವಿಸುವ ರಾಳ ಅದು. ಒಂದು ಕಿಲೋ ಅರಗಿಗೆ ಹತ್ತಾರು ಸಾವಿರದಿಂದ ಲಕ್ಷಗಟ್ಟಲೆಯವರೆಗೆ ಕೀಟಗಳ ಸ್ರಾವ ಬೇಕು. ಕೊಂಬೆಯನ್ನು ಕಡಿದು ಕೆರೆದಾಗ ಆ ರಾಳದೊಳಗೇ ಕೀಟಗಳ ಕಳೇಬರವೂ ಬರುತ್ತದೆ. ಮರಿಗಳು ಹೊರಡುವ ಮೊದಲೇ ಕೊಯ್ದ ‘ಅರಿ’ ಎಂಬ ಬಗೆಯಲ್ಲಿ ಜೀವಂತ ತಾಯಿಯೂ ಅವಳೊಳಗಿನ ಸಂತಾನವೂ ಒಟ್ಟಿಗೆ ಅಳಿಯುತ್ತವೆ. ಛೋಟಾ ನಾಗಪುರದ ಕಾಡುಗಳಲ್ಲಿ ಆದಿವಾಸಿ ಕುಟುಂಬಗಳು ಇದನ್ನು ಬೆಳೆಸುತ್ತಿದ್ದವು, ಮಿರ್ಜಾಪುರ ಮೊದಲಾದೆಡೆ ಶುದ್ಧೀಕರಣ, ಕಲ್ಕತ್ತೆಯಿಂದ ರಫ್ತು. ಈ ಸರಕಿನ ಮಹತ್ವವೆಷ್ಟೆಂದರೆ 1924ರಲ್ಲಿ ರಾಂಚಿಯ ಬಳಿ ಅರಗಿಗಾಗಿಯೇ ಒಂದು ಸಂಶೋಧನಾಲಯ ಸ್ಥಾಪಿತವಾಯಿತು.

ಶ್ರಾವಕನು ವರ್ಜಿಸತಕ್ಕ ಹದಿನೈದು ಕರ್ಮಾದಾನಗಳಲ್ಲಿ ಲಾಕ್ಷಾವಾಣಿಜ್ಯವೂ ಒಂದು. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಇದನ್ನು ವಿವರಿಸುತ್ತದೆ. ದಿಗಂಬರ ಪರಂಪರೆಯಲ್ಲಿ ಪಂಡಿತ ಆಶಾಧರರ ಸಾಗಾರಧರ್ಮಾಮೃತವೂ ಈ ಪಟ್ಟಿಯನ್ನು ಎತ್ತಿಕೊಳ್ಳುತ್ತದೆ. ಅರಗನ್ನು ಮಾರದ ವರ್ತಕನು ಅರಗಿನ ತಟ್ಟೆಯನ್ನು ಕೊಂಡು ಮನೆಯಲ್ಲಿ ಸ್ತವನ ಕೇಳಿದರೆ ದೋಷವಿಲ್ಲವೇ? ಕೃತ, ಕಾರಿತ, ಅನುಮತವೆಂಬ ಮೂರು ದಾರಿಗಳಲ್ಲಿ ಹಿಂಸೆಯ ಪಾಲು ಬರುವುದೆಂದು ಹೇಳುವ ದರ್ಶನಕ್ಕೆ ಇದು ನಿಜವಾಗಿಯೂ ತೊಡಕಿನ ಪ್ರಶ್ನೆ. ಕೀಟಗಳು ಹಾಡಿಗಾಗಿ ಸತ್ತವೆಂದು ಕೇಳುಗನು ಸಂಕಲ್ಪಿಸಲಿಲ್ಲ. ಸಂಕಲ್ಪೀ ಹಿಂಸೆಯ ಹೊರೆಯನ್ನು ಅವನ ಮೇಲೆ ಹೊರಿಸುವುದು ಅನ್ಯಾಯವಾದೀತು. ಆದರೆ ಬೇಡಿಕೆಯಿಲ್ಲದೆ ಸರಕು ಹುಟ್ಟುವುದಿಲ್ಲವೆಂಬುದನ್ನು ಇತರರಿಗಿಂತ ವರ್ತಕನೇ ಬಲ್ಲ. ಬೀಗಮುದ್ರೆಯ ಒಂದು ತೊಟ್ಟು ಅರಗಿಗೂ ದೇಶದೇಶಗಳ ಮನೆಗಳಲ್ಲಿ ರಾಶಿಬೀಳುವ ತಟ್ಟೆಗಳಿಗೂ ಇರುವ ಅಂತರವನ್ನು ಪರಿಮಾಣ ವ್ರತದ ದೃಷ್ಟಿಯಿಂದ ನೋಡಬೇಕು. ವ್ರತವು ವಸ್ತುವನ್ನಷ್ಟೇ ಕೇಳುವುದಿಲ್ಲ. ಎಷ್ಟು ಎಂದೂ ಕೇಳುತ್ತದೆ.

ಈ ಅವಲಂಬನೆಯನ್ನು ಮುರಿದದ್ದು ಕರುಣೆಯಲ್ಲ, ಯುದ್ಧ. ಎರಡನೆಯ ಮಹಾಯುದ್ಧದಲ್ಲಿ ಅರಗು ಸೈನಿಕ ಅಗತ್ಯಕ್ಕೆ ಸಂದಿತು. 1942ರ ಏಪ್ರಿಲಿನಲ್ಲಿ ಅಮೆರಿಕದ ಸರ್ಕಾರವು ಧ್ವನಿಮುದ್ರಿಕೆಗಳಿಗೆ ಅದರ ಬಳಕೆಯನ್ನು ಶೇಕಡಾ 70ರಷ್ಟು ಕಡಿತಗೊಳಿಸಿತು. ಹಳೆಯ ತಟ್ಟೆಗಳನ್ನು ಸಂಗ್ರಹಿಸಿ ಕರಗಿಸಲಾಯಿತು. ಎಷ್ಟೋ ಕಂಠಗಳು ಹಾಗೆ ಮತ್ತೆ ಅರಗಾದವು. 1948ರಲ್ಲಿ ವಿನೈಲ್ ಪ್ಲಾಸ್ಟಿಕ್ಕಿನ ದೀರ್ಘಾವಧಿಯ ತಟ್ಟೆ ಹೊರಬಂದಿತು. ಭಾರತದಲ್ಲಿ ಅರಗಿನ ತಟ್ಟೆ 1960ರ ದಶಕದಲ್ಲಿಯೂ ಅಚ್ಚಾಗುತ್ತಿತ್ತು.

ಈಗ ಮನಸ್ಸಿನ ವಿಚಾರಕ್ಕೆ ಬರಬೇಕು. ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯವು ಶಬ್ದವನ್ನು ಪುದ್ಗಲದ ಪರ್ಯಾಯವೆಂದು ಗಣಿಸುತ್ತದೆ. ನ್ಯಾಯ ವೈಶೇಷಿಕರಂತೆ ಆಕಾಶದ ಗುಣವೆನ್ನುವುದಿಲ್ಲ. ಉಮಾಸ್ವಾಮಿಗಳು ಗ್ರಾಮಫೋನನ್ನು ಮುಂಗಂಡಿದ್ದರೆಂದು ಸಭೆಗಳಲ್ಲಿ ಹೇಳುವ ಉತ್ಸಾಹಿಗಳುಂಟು. ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಶಬ್ದವು ವಸ್ತುವಿನಂತೆ ತಾಗುತ್ತದೆ, ತಾಗಿದ್ದು ಗುರುತುಳಿಸುತ್ತದೆ ಎಂಬ ದೃಷ್ಟಿಯಷ್ಟೇ ಇಲ್ಲಿ ಉಪಯುಕ್ತ. ಮತಿಜ್ಞಾನದ ನಾಲ್ಕು ಹಂತಗಳಲ್ಲಿ ಅವಗ್ರಹ, ಈಹೆ, ಅವಾಯಗಳ ನಂತರ ಬರುವುದು ಧಾರಣೆ, ಅಂದರೆ ಕೇಳಿದ್ದು ಒಳಗೆ ನೆಲೆಯೂರುವುದು. ಪುನರಾವರ್ತನೆಯು ಈ ಧಾರಣೆಯನ್ನು ಬಲಪಡಿಸುತ್ತದೆ. 1968ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯೋಂಕ್ ಪ್ರಯೋಗಗಳಿಂದ ತೋರಿಸಿದ್ದೂ ಇದಕ್ಕೆ ಹತ್ತಿರವಾದ ಸಂಗತಿಯೇ: ಯಾವ ಅರ್ಥವೂ ತಿಳಿಯದ ಪದ, ಚಿಹ್ನೆಗಳನ್ನು ಜನರಿಗೆ ಹೆಚ್ಚು ಸಲ ತೋರಿಸಿದಷ್ಟೂ ಅವರಿಗೆ ಅವು ಹೆಚ್ಚು ಇಷ್ಟವಾಗುತ್ತವೆ. ಗುಣದಿಂದ ಹುಟ್ಟಬೇಕಾದ ಒಲವು ಬರಿಯ ಪರಿಚಯದಿಂದಲೇ ಹುಟ್ಟಬಲ್ಲುದು. ಧ್ವನಿಮುದ್ರಣೋದ್ಯಮದ ಅರ್ಧ ಬಂಡವಾಳ ಇದೇ ಎಂದರೂ ಸಲ್ಲುತ್ತದೆ. ಸ್ವರಗಳ ಮೇಳಕ್ಕೂ ಬಂಧಕಾರಣವಾದ ಆಸಕ್ತಿಗೂ ರಾಗವೆಂಬ ಒಂದೇ ಪದವಿರುವುದನ್ನು ಪ್ರವಚನಕಾರರು ಆಗಾಗ್ಗೆ ನೆನಪಿಸುತ್ತಾರೆ.

ಶ್ರೋತ್ರೇಂದ್ರಿಯಕ್ಕೆ ಸಿಕ್ಕಿ ಕೆಡುವುದಕ್ಕೆ ಪೂರ್ವಾಚಾರ್ಯರು ಕೊಡುವ ದೃಷ್ಟಾಂತ ಜಿಂಕೆಯದು. ಬೇಡನ ಗಾನಕ್ಕೆ ಮೈಮರೆತು ಅದು ಬಲೆಗೆ ಬೀಳುತ್ತದೆ. ಆದರೆ ಕಿವಿಯ ಸೆಳೆತವೆಲ್ಲ ಕೇಡಿಗೇ ಒಯ್ಯುವುದೆಂದು ಹೇಳಲಾಗದು. ಗದಗಿನಲ್ಲಿ ಬೆಳೆಯುತ್ತಿದ್ದ ಭೀಮಸೇನ ಜೋಶಿಯೆಂಬ ಬಾಲಕ ಅಂಗಡಿಯೊಂದರಲ್ಲಿ ತಿರುಗುತ್ತಿದ್ದ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ತಟ್ಟೆಯನ್ನು ಕೇಳಿ, 1933ರಲ್ಲಿ, ಹನ್ನೊಂದರ ಪ್ರಾಯದಲ್ಲಿ ಗುರುವನ್ನರಸಿ ಮನೆಬಿಟ್ಟು ಹೊರಟುದು ಸರ್ವವಿದಿತ. ಉತ್ತರ ಭಾರತವೆಲ್ಲ ಅಲೆದು ಕೊನೆಗೆ ಆತ ಸೇರಿದ್ದು ಮನೆಗೆ ಸಮೀಪದ ಕುಂದಗೋಳಕ್ಕೆ, ಅದೇ ಕರೀಂ ಖಾನರ ಶಿಷ್ಯರಾದ ಸವಾಯಿ ಗಂಧರ್ವರ ಬಳಿಗೆ. ಇಲ್ಲಿ ಗಮನಿಸಬೇಕಾದುದೊಂದಿದೆ. ಆ ಮೂರು ನಿಮಿಷ ಬಾಲಕನಿಗೆ ಉಪಭೋಗದ ವಸ್ತುವಾಗಲಿಲ್ಲ. ತಟ್ಟೆಯನ್ನು ಕೊಂಡು ಮನೆಯಲ್ಲಿಟ್ಟುಕೊಳ್ಳುವುದಕ್ಕಿಂತ ತಟ್ಟೆ ಕೊಡಲಾರದುದನ್ನು ಬದುಕಿರುವ ಗುರುವಿನಿಂದ ಪಡೆಯುವುದಕ್ಕೆ ಅದು ಅವನನ್ನು ಎಬ್ಬಿಸಿ ಕಳುಹಿಸಿತು.

ಅದೇ ಯಂತ್ರ ಇನ್ನೊಂದು ದಿಕ್ಕಿನಲ್ಲಿಯೂ ಕೆಲಸ ಮಾಡಿತು. 1915ರಿಂದ ಸುಮಾರು ಹತ್ತು ವರ್ಷಗಳ ಕಾಲ ಎಡಿಸನ್ನರ ಕಂಪೆನಿ ಅಮೆರಿಕದ ಊರೂರುಗಳಲ್ಲಿ ‘ಸ್ವರಪರೀಕ್ಷೆ’ ಎಂಬ ಪ್ರದರ್ಶನಗಳನ್ನು ಏರ್ಪಡಿಸಿತು. ವೇದಿಕೆಯ ಮೇಲೆ ಗಾಯಕಿಯೂ ಯಂತ್ರವೂ ಜೊತೆಯಲ್ಲಿ ಇರುತ್ತಿದ್ದರು. ಗಾಯಕಿ ನಡುನಡುವೆ ಬಾಯಿ ಮುಚ್ಚುತ್ತಿದ್ದಳು. ಹಾಡು ಮಾತ್ರ ಮುಂದುವರಿಯುತ್ತಿತ್ತು. ಕೆಲವೊಮ್ಮೆ ದೀಪಗಳನ್ನು ಆರಿಸಿ, ಮತ್ತೆ ಬೆಳಗಿದಾಗ ಗಾಯಕಿ ಅಲ್ಲಿರುತ್ತಿರಲಿಲ್ಲ. ಭೇದ ತಿಳಿಯಲಿಲ್ಲವೆಂದು ಸಭಿಕರು ಬೆರಗಾಗುತ್ತಿದ್ದರು. ಭಾಗವಹಿಸಿದ ಗಾಯಕಿ ಆನಾ ಕೇಸ್ ಬಹುಕಾಲದ ಮೇಲೆ ಒಪ್ಪಿಕೊಂಡಂತೆ, ಆಕೆ ತನ್ನ ದನಿಯನ್ನು ಯಂತ್ರದ ದನಿಗೆ ಸರಿಹೊಂದುವಂತೆ ಇಳಿಸಿಕೊಂಡು ಹಾಡುತ್ತಿದ್ದಳು. ಯಂತ್ರವು ಮನುಷ್ಯನನ್ನು ಅನುಕರಿಸಿತೆಂದು ಜನ ತಿಳಿದರು, ನಡೆದದ್ದು ತದ್ವಿರುದ್ಧ.

ಕನ್ನಡದ ಓದುಗರಿಗೆ ಈ ದೃಶ್ಯ ಹೊಸದಲ್ಲ. ಜಿನಸೇನಾಚಾರ್ಯರ ಮಹಾಪುರಾಣವನ್ನನುಸರಿಸಿ ಪಂಪನು ಆದಿಪುರಾಣದಲ್ಲಿ ಚಿತ್ರಿಸಿದ ನೀಲಾಂಜನೆಯ ಪ್ರಸಂಗ ಇದೇ. ಆಯುಷ್ಯ ತೀರಲಿದ್ದ ದೇವನರ್ತಕಿಯನ್ನು ಇಂದ್ರನು ವೃಷಭನಾಥರ ಆಸ್ಥಾನಕ್ಕೆ ಕಳುಹಿಸುತ್ತಾನೆ. ನೃತ್ಯದ ನಡುವೆಯೇ ಆಕೆ ಮಿಂಚಿನಂತೆ ಮರೆಯಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರನು ಆ ಕ್ಷಣದಲ್ಲಿಯೇ ಅವಳಂಥ ಇನ್ನೊಂದು ರೂಪವನ್ನು ನಿಲ್ಲಿಸುತ್ತಾನೆ. ಲಯ ತಪ್ಪಲಿಲ್ಲ, ಸಭೆಗೆ ಅರಿವಾಗಲಿಲ್ಲ. ವೃಷಭನಾಥರೊಬ್ಬರು ಕಂಡರು. ಪ್ರತಿರೂಪವು ಎಷ್ಟು ನಿರ್ದುಷ್ಟವಾಗಿದ್ದರೂ, ಹೋದವಳು ಹೋದಳೆಂಬುದನ್ನು ಕಂಡರು. ಅಲ್ಲಿಂದಲೇ ಅವರ ವೈರಾಗ್ಯ.

ಗೌಹರ್ ಜಾನರ ಕೊನೆಯ ದಿನಗಳು ಕಳೆದುದು ಮೈಸೂರಿನಲ್ಲಿ. ವ್ಯಾಜ್ಯಗಳಿಂದಲೂ ಆರ್ಥಿಕ ಕಷ್ಟಗಳಿಂದಲೂ ಬಳಲಿದ್ದ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1928ರಲ್ಲಿ ಅರಮನೆಯ ಸಂಗೀತಗಾರರಾಗಿ ನೇಮಕಗೊಂಡರು. 1930ರ ಜನವರಿ 17ರಂದು ಅಲ್ಲಿಯೇ ತೀರಿಕೊಂಡರು. ಆ ದಿನವೂ ದೇಶದ ಯಾವುಯಾವುದೋ ಪಡಸಾಲೆಗಳಲ್ಲಿ ಅವರ ತಟ್ಟೆಗಳು ತಿರುಗುತ್ತಿದ್ದಿರಬೇಕು. ಅಂದಿನ ಕಾನೂನಿನಲ್ಲಿ ಹಾಡಿದವರಿಗೆ ತಮ್ಮ ಧ್ವನಿಯ ಮೇಲೆ ಹಕ್ಕಿರಲಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯೂ ಕೊಡಲಿಲ್ಲ. 1994ರ ತಿದ್ದುಪಡಿಯಿಂದ ಕಲಾವಿದರ ಹಕ್ಕು ಹೆಸರಿಸಲ್ಪಟ್ಟಿತು. 2012ರ ತಿದ್ದುಪಡಿಯಿಂದ ಕವಿ, ಸಂಗೀತಸಂಯೋಜಕ, ಗಾಯಕರ ಗೌರವಧನಕ್ಕೆ ಬಲ ಬಂದಿತು. ಅಚೌರ್ಯವನ್ನು ಅಣುವ್ರತವಾಗಿ ಹಿಡಿದವರು, ಪ್ರತಿ ಮಾಡುವುದು ಸುಲಭವಾದ ಮಾತ್ರಕ್ಕೆ ಪ್ರತಿ ಮಾಡುವುದು ಸರಿಯೇ ಎಂದು ಯೋಚಿಸಬೇಕಾದ ಸಂದರ್ಭ ಪ್ರತಿ ಮನೆಯಲ್ಲಿಯೂ ಬಂದಿದೆ.

ಸುಲಭಗೊಳಿಸಿದ್ದು ಧ್ವನಿಸುರುಳಿ. ಫಿಲಿಪ್ಸ್ ಸಂಸ್ಥೆ 1963ರಲ್ಲಿ ತಂದ ಕ್ಯಾಸೆಟ್ 1980ರ ದಶಕದಲ್ಲಿ ಭಾರತದ ಸಂಗೀತ ವ್ಯಾಪಾರವನ್ನು ಬುಡಮೇಲು ಮಾಡಿತು. ದೆಹಲಿಯ ಹಣ್ಣಿನ ರಸದ ವ್ಯಾಪಾರಿ ಕುಟುಂಬದಿಂದ ಬಂದ ಗುಲ್ಶನ್ ಕುಮಾರ್ ಅವರ ಕಂಪೆನಿ ಅಗ್ಗದ ಕ್ಯಾಸೆಟ್ಟುಗಳಿಂದ, ಹಳೆಯ ಹಾಡುಗಳನ್ನು ಹೊಸ ಕಂಠಗಳಿಂದ ಹಾಡಿಸಿ, ಹಿಂದಿನ ಏಕಸ್ವಾಮ್ಯವನ್ನು ಮುರಿಯಿತು. ಸಣ್ಣ ಬಂಡವಾಳದವರೂ ಪ್ರಾದೇಶಿಕ ಭಾಷೆಗಳೂ ಭಕ್ತಿಗೀತೆಗಳೂ ಇದರಿಂದ ಮುಂದೆ ಬಂದವು. ಕನ್ನಡದಲ್ಲಿ 1978ರ ‘ನಿತ್ಯೋತ್ಸವ’ ಧ್ವನಿಸುರುಳಿ ನವ್ಯಕವಿಯ ಕವನಗಳನ್ನು ಅಕ್ಷರ ಬಾರದವರ ಬಾಯಿಗೂ ತಂದಿತು. ಸಂಸ್ಕೃತ ತಿಳಿಯದ ಎಷ್ಟೋ ಜೈನ ಗೃಹಿಣಿಯರಿಗೆ ಭಕ್ತಾಮರದ ಶುದ್ಧ ಉಚ್ಚಾರ ದೊರೆತುದು ಈ ಸುರುಳಿಯಿಂದಲೇ. ಇದು ಸಣ್ಣ ಲಾಭವಲ್ಲ.

ತಟ್ಟೆಯ ಕಾಲದಲ್ಲಿ ಒಂದು ಹಾಡಿಗೆ ಕೀಲಿ ತಿರುಗಿಸಬೇಕಾಗಿತ್ತು, ಉಕ್ಕಿನ ಮುಳ್ಳನ್ನು ಬದಲಿಸಬೇಕಾಗಿತ್ತು, ಮಗ್ಗುಲು ಮಗುಚಬೇಕಾಗಿತ್ತು. ಪ್ರತಿ ಮೂರು ನಿಮಿಷಕ್ಕೊಮ್ಮೆ ಎದ್ದು ಹೋಗುವವನಿಗೆ ‘ಇನ್ನು ಸಾಕೇ?’ ಎಂಬ ಪ್ರಶ್ನೆ ತಾನಾಗಿ ಏಳುತ್ತಿತ್ತು. ಇಂದು ಕೈಯೊಳಗಿನ ದೂರವಾಣಿಯಲ್ಲಿ ಒಂದು ಹಾಡು ಮುಗಿದೊಡನೆ ಇನ್ನೊಂದು ಕೇಳದೆಯೇ ಹೊರಡುತ್ತದೆ. ವ್ಯಾಪಾರದ ಅಳತೆಯೂ ಬದಲಾಗಿದೆ. 2019ರಲ್ಲಿ ಭಾರತಕ್ಕೆ ಬಂದ ಸ್ಪಾಟಿಫೈನಂಥ ಸೇವೆಯಲ್ಲಿ ಮೂವತ್ತು ಸೆಕೆಂಡು ಕೇಳಿದರೆ ಒಂದು ಎಣಿಕೆ. ಆದ್ದರಿಂದ ಮೊದಲ ಅರ್ಧ ನಿಮಿಷದಲ್ಲಿಯೇ ಕಿವಿಯನ್ನು ಹಿಡಿದುಬಿಡಬೇಕೆಂಬ ಒತ್ತಡ ಹಾಡು ಕಟ್ಟುವವರ ಮೇಲೆ ಬಿದ್ದಿದೆ. ಅರಗಿನ ತಟ್ಟೆ ರಾಗವನ್ನು ಮೂರು ನಿಮಿಷಕ್ಕೆ ಮಡಿಚಿತ್ತು. ಇದು ಮೂವತ್ತು ಸೆಕೆಂಡಿಗೆ. ಸಮಂತಭದ್ರರು ನಿಯಮಕ್ಕೆ ಸೂಚಿಸಿದ ಕಾಲಾವಧಿಗಳು ಹಗಲು, ರಾತ್ರಿ, ಪಕ್ಷ, ಮಾಸ, ಋತು, ಅಯನ. ಪರ್ಯೂಷಣ, ದಶಲಕ್ಷಣಗಳಲ್ಲಿ ಆಹಾರಕ್ಕೆ ನಿಯಮ ಮಾಡುವ ಮನೆಗಳು ಕಿವಿಗೂ ಅದೇ ಅವಧಿಯ ನಿಯಮ ಮಾಡಿಕೊಳ್ಳಲು ಶಾಸ್ತ್ರಾಧಾರ ಇಲ್ಲಿಯೇ ಇದೆ. ಇದರಲ್ಲಿ ಸಂಗೀತದ್ವೇಷವಿಲ್ಲ. ‘ಸಂಗೀತಸಮಯಸಾರ’ವನ್ನು ಬರೆದ ಪಾರ್ಶ್ವದೇವರು ಜೈನರು, ಹಾಡಲೆಂದೇ ಸಾಂಗತ್ಯದಲ್ಲಿ ‘ಭರತೇಶ ವೈಭವ’ವನ್ನು ರಚಿಸಿದ ಮೂಡಬಿದಿರೆಯ ರತ್ನಾಕರವರ್ಣಿಯ ಭರತ ಚಕ್ರವರ್ತಿ ಗಾನಗೋಷ್ಠಿಯ ನಡುವೆ ಕುಳಿತೂ ಯೋಗಿ.

ಬಸದಿಗಳ ಟ್ರಸ್ಟುಗಳಿಗೆ ಸಂಬಂಧಿಸಿದ ಮಾತೊಂದು ಉಳಿದಿದೆ. 1963ರಲ್ಲಿ ಎಂ. ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತದ ಧ್ವನಿಮುದ್ರಿಕೆ ಹೊರಬಂದ ಬಳಿಕ ದಕ್ಷಿಣ ಭಾರತದ ಬೆಳಗಿನ ಸ್ವರವೇ ಬದಲಾಯಿತು. ಅದರ ಗೌರವಧನವನ್ನು ಅವರು ತಿರುಮಲ ತಿರುಪತಿ ದೇವಸ್ಥಾನಕ್ಕೆ ಬಿಟ್ಟುಕೊಟ್ಟರು. ಅದರ ಮಾದರಿಯಲ್ಲಿ ಬಸದಿಗಳಲ್ಲಿಯೂ ಬೆಳಗಿನ ಸ್ತೋತ್ರ ಯಂತ್ರದಿಂದ ಕೇಳಿಬರತೊಡಗಿತು. ಉಚ್ಚಾರ ದೋಷರಹಿತ, ಶ್ರುತಿ ಶುದ್ಧ. ಆದರೆ ಹಿಂದೆ ಆ ಹೊತ್ತಿನಲ್ಲಿ ತಪ್ಪು ಶ್ರುತಿಯಲ್ಲಾದರೂ ಹಾಡುತ್ತಿದ್ದ ನಾಲ್ಕಾರು ಮಂದಿ ಮೆಲ್ಲನೆ ಸುಮ್ಮನಾದರು. ಅವರ ಮಕ್ಕಳು ಕಲಿಯಲೇ ಇಲ್ಲ. ನೀಲಾಂಜನೆಯ ಎರಡನೆಯ ರೂಪ ಸಭೆಯಲ್ಲಿ ಕುಣಿಯುತ್ತಿದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದೆಂದು 2000ದ ಶಬ್ದಮಾಲಿನ್ಯ ನಿಯಮಗಳು ವಿಧಿಸಿರುವುದರಿಂದ ಆ ಮುಂಜಾನೆಯ ಹೊತ್ತು ಹೇಗೂ ಬರಿಯ ಕಂಠಕ್ಕೆ ತೆರವಾಗಿದೆ. ಟ್ರಸ್ಟಿನ ವಾರ್ಷಿಕ ಆಯವ್ಯಯದಲ್ಲಿ ಧ್ವನಿವರ್ಧಕದ ದುರಸ್ತಿಯ ಬಾಬತ್ತಿನ ಕೆಳಗೆ, ಮಕ್ಕಳಿಗೆ ಸ್ತವನ ಹೇಳಿಕೊಡುವವರ ಗೌರವಧನವೆಂದು ಒಂದು ಬಾಬತ್ತು ಸೇರಿಸಲು ಆಡಳಿತ ಮಂಡಲಿಯ ಒಂದು ಠರಾವು ಸಾಕು.